ಮಿಡತೆಯ ಪಕ್ಕೆಗೊಂದು ಬಾಗಿಲು

ಭಾನುವಾರ, 3 ಮಾರ್ಚ್

ಆಯಿಲ್ ನೋಡಿದ್ದಾಯಿತು. ಟೈರ್ ಗಾಳಿ ಸರಿ. ಪೆಟ್ರೋಲಿನಲ್ಲಿ ನೀರಿಲ್ಲ. ಅಣ್ಣ ಎಂದಿನಂತೆ ತಡ.

ಪಕ್ಕದ ಊರಿನ ಏರ್‌ಫೀಲ್ಡಿಗೆ ಹಾರಿ ಹೋಗಿ ಟೀ ಕುಡಿದು ಬಂದೆವು. ಹಾರುವುದೇನೂ ಕಷ್ಟವಿಲ್ಲ. ತಾಪತ್ರಯವೆಲ್ಲ ನನ್ನ ಗಾಲಿಕುರ್ಚಿಯದ್ದು. ಮಿಡತೆಯಲ್ಲಿ — ನಾನೂ ಅಣ್ಣನೂ ಇದೇ ಶೆಡ್ಡಿನಲ್ಲಿ ರಿವೆಟ್ ಹೊಡೆದು ಕಟ್ಟಿದ ಎರಡು ಸೀಟಿನ ವಿಮಾನ — ಸಾಮಾನಿಡುವ ಜಾಗ ಸೀಟುಗಳ ಹಿಂದಿದೆ. ಸೀಟು ಮಡಚಿ, ತಲೆ ಒಳಗೆ ತೂರಿಸಿ ಇಡಬೇಕು. ನಾನು ಸೀಟಿನಲ್ಲಿ ಕೂತರೆ ಕುರ್ಚಿ ಒಳಗೆ ಹೋಗದು. ಮೊದಲು ಕುರ್ಚಿ ಇಡೋಣವೆಂದರೆ ಅದರಲ್ಲಿ ನಾನೇ ಕೂತಿರುತ್ತೇನೆ. ಅತ್ತ ದರಿ ಇತ್ತ ಪುಲಿ. ಹಾಗಾಗಿ ಅಣ್ಣ ನನ್ನನ್ನು ಎತ್ತಿ ರೆಕ್ಕೆಯ ಮೇಲೆ ಕೂರಿಸಿ, ಕುರ್ಚಿಯನ್ನು ಒಳಗೆ ತುರುಕಿ, ಸೊಂಟ ಹಿಡಿದುಕೊಂಡು ಶಾಪ ಹಾಕಿ, ಆಮೇಲೆ ಪಕ್ಕದಲ್ಲಿ ಬಂದು ಕೂರುತ್ತಾನೆ. ಪ್ರತಿ ಸಲವೂ.

ಬೆನ್ನಿನ ಆಪರೇಷನ್ ಆಗಿ ಮೂರು ವರ್ಷ. ಸೊಂಟದ ಕೆಳಗೆ ಸುದ್ದಿಯಿಲ್ಲ. ವಿಮಾನದಿಂದ ಬಿದ್ದಳು ಅಂತ ಜನರ ನಂಬಿಕೆ. ಬೆನ್ನಲ್ಲಿ ಗಡ್ಡೆ ಇತ್ತು ಅಂದರೆ ಅವರ ಮುಖ ಸಪ್ಪಗಾಗುತ್ತದೆ.

ಕಾಲಿನ ಪೆಡಲ್ ಬದಲು ಕೈಲಿವರ್ ಹಾಕಿಸಿ, ಲೈಸೆನ್ಸ್ ವಾಪಸ್ ತಗೊಂಡೆ. ಒಬ್ಬಳೇ ಹಾರಬಹುದು ಅಂತ ಅದರಲ್ಲಿದೆ. ಹಾರಬಹುದು ಸರಿ… ಇಳಿದ ಮೇಲೆ? ಕುರ್ಚಿ ಇಲ್ಲಿ ಶೆಡ್ಡಿನಲ್ಲಿ, ನಾನು ಇನ್ನೊಂದು ಊರಿನಲ್ಲಿ ಸೀಟಿಗೆ ಅಂಟಿಕೊಂಡು.

ಸಾಕು. ಮಿಡತೆಯ ಪಕ್ಕೆಗೆ ಬಾಗಿಲು ಕೊರೆಯುವುದೇ. ರೆಕ್ಕೆಯ ಮೇಲೆ ಕೂತುಕೊಂಡೇ ಕುರ್ಚಿಯನ್ನು ಒಳಗೆ ತಳ್ಳುವಂತಿರಬೇಕು.

ಸೋಮವಾರ, 4 ಮಾರ್ಚ್

ಅಣ್ಣನಿಗೆ ಹೇಳಿದೆ.

"ತಲೆ ಕೆಟ್ಟಿದ್ಯಾ? ಗಟ್ಟಿಮುಟ್ಟಾಗಿರೋ ವಿಮಾನಕ್ಕೆ ಯಾರಾದ್ರೂ ತೂತು ಮಾಡ್ತಾರಾ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ನಾನಿದೀನಲ್ಲ ಜೊತೆಗೆ ಬರೋಕೆ."

"ಅದೇ ಕಣೋ ಸಮಸ್ಯೆ."

ಮುಖ ಊದಿಸಿಕೊಂಡು ಹೋದ. ಊಟಕ್ಕೆ ಕರೆದಾಗ ಬಂದು, ನನಗೆ ಬೆನ್ನು ಹಾಕಿ ಕೂತ. "ಇಬ್ಬರೂ ಒಂದೇ ಅಚ್ಚು, ಒಬ್ಬರು ಬಗ್ಗೋದಿಲ್ಲ, ಇನ್ನೊಬ್ಬರು ಮುರಿಯೋದಿಲ್ಲ" ಅಂದರು ಅತ್ತಿಗೆ. ಇನ್ನೊಂದು ಸೌಟು ಬಡಿಸಿದರು, ಇಬ್ಬರಿಗೂ.

ಶುಕ್ರವಾರ, 8 ಮಾರ್ಚ್

ಟಾರ್ಚ್ ಸಾಹೇಬರು ಬಂದಿದ್ದರು. ನಮ್ಮಂಥವರು ಮನೆಯಲ್ಲಿ ಕಟ್ಟಿದ ವಿಮಾನಗಳನ್ನು ಪಾಸ್ ಮಾಡುವ ಇನ್‌ಸ್ಪೆಕ್ಟರ್. ಹಗಲಿನಲ್ಲೂ ಟಾರ್ಚ್ ಹಿಡಿದೇ ಬರುತ್ತಾರೆ. ಅವರು ಸಹಿ ಹಾಕದೆ ಮಿಡತೆ ನೆಲ ಬಿಡುವ ಹಾಗಿಲ್ಲ.

ನನ್ನ ಡ್ರಾಯಿಂಗ್ ನೋಡಿದರು. ಹೊರಗಿನ ತಗಡೂ ಭಾರ ಹೊರುತ್ತೆ, ಕತ್ತರಿಸಿದ ಕಡೆ ಸುತ್ತಲೂ ಚೌಕಟ್ಟು ಬೇಕು. ಕೀಲು ಮುಂದಿನ ಅಂಚಿಗೇ ಬರಬೇಕು, ಹಾರುವಾಗ ಗಾಳಿ ಬಾಗಿಲನ್ನು ಒತ್ತಿ ಹಿಡಿಯುವಂತೆ. ಕುರ್ಚಿ ಹಿಂದಕ್ಕೆ ಜಾರಿದರೆ ಬಾಲ ಭಾರವಾಗುತ್ತೆ, ಕಟ್ಟಿ ಇಡಬೇಕು ಅಂದರು. ಒಪ್ಪಿದೆ. ಇದೆಲ್ಲ ನನಗೂ ಗೊತ್ತಿತ್ತು, ಆದರೂ ಒಪ್ಪಿದೆ. ಆಮೇಲೆ ಅಂದರು:

"ಆದ್ರೂ ಇಷ್ಟೆಲ್ಲ ಯಾಕಮ್ಮ? ಎಲ್ಲಿ ಇಳಿದರೂ ಒಂದು ಕೈ ಕೊಡೋರು ಇದ್ದೇ ಇರ್ತಾರೆ."

"ಸಾರ್, ನೀವು ಮನೆಗೆ ಹೋದಾಗ ಕಾರಿಂದ ಇಳಿಯೋಕೆ ಯಾರಿಗಾದ್ರೂ ಕಾಯ್ತೀರಾ?"

ಟಾರ್ಚ್ ಆರಿಸಿದರು. "ಮಾಡಿ, ನೋಡೋಣ." ಅಡ್ಡಗೋಡೆ ಮೇಲೆ ದೀಪ. ನನಗೆ 'ಮಾಡಿ' ಅನ್ನುವುದಷ್ಟೇ ಕೇಳಿಸಿತು.

ಗುರುವಾರ, 21 ಮಾರ್ಚ್, ಸಂಜೆ

ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ತೀರುತ್ತೇನೆ.

ಫಿಸಿಯೋಗೆ ಹೋಗಿ ಬರುವಷ್ಟರಲ್ಲಿ ಅಣ್ಣ ಬಾಗಿಲು ಕತ್ತರಿಸಿ ಮುಗಿಸಿದ್ದ. ಮುನಿಸು ಬಿಟ್ಟು, ನನಗೊಂದು ಸರ್‌ಪ್ರೈಸ್ ಅಂತ. ಅಂಚುಗಳನ್ನು ಅರದಿಂದ ಉಜ್ಜಿದ್ದ, ಬೆರಳಾಡಿಸಿದರೆ ರೇಷ್ಮೆ. ಎಷ್ಟು ಚೆಂದದ ಕೆಲಸ! ಅವನ ಮುಖ ನೋಡಬೇಕಿತ್ತು.

ರೆಕ್ಕೆಯ ಮೇಲೆ ಹತ್ತಿ ಕೂತೆ. ಕೈ ಚಾಚಿದೆ. ಎಟುಕಲಿಲ್ಲ.

"ನಿನ್ನ ಡ್ರಾಯಿಂಗಲ್ಲಿ ತುಂಬಾ ಕೆಳಗಿತ್ತು ಕಣೇ. ಬಗ್ಗಿ ಬಗ್ಗಿ ಸೊಂಟ ಹೋಗುತ್ತೆ ಅಂತ ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ತಗೊಂಡೆ."

ಯಾರ ಸೊಂಟ? ಇಡೀ ದಿನ ಯಾರ ಸೊಂಟ ನೆನೆದುಕೊಂಡು ಕೊರೆದ? ಬಾಯಿಗೆ ಬಂದಂತೆ ಬೈದೆ. ಹೇಳಬಾರದ್ದನ್ನೂ ಹೇಳಿದೆ — ನನ್ನನ್ನು ಮೂಟೆ ಅಂದುಕೊಂಡಿದ್ದೀಯ ಅಂದೆ. ಮಿಡತೆಯ ಪಕ್ಕೆಯಲ್ಲಿ ಆ ತೂತು. ಅಳು ಬಂತು.

ಮಂಗಳವಾರ, 2 ಏಪ್ರಿಲ್

ಇಷ್ಟು ದಿನ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ತೂತನ್ನು ಮುಚ್ಚಿ ಸುಮ್ಮನಿದ್ದು ಬಿಡಿ ಅಂತ ಅತ್ತಿಗೆಯೂ ಹೇಳಿದರು. ಸುಮ್ಮನಿರುವುದಾ? ನನ್ನ ಜಾತಕದಲ್ಲೇ ಇಲ್ಲ.

ಬೆಳಿಗ್ಗೆ ಅಣ್ಣನನ್ನು ಕರೆದೊಯ್ದೆ. ನನ್ನ ಕುರ್ಚಿಯಲ್ಲಿ ಕೂರಿಸಿದೆ. ಸೀಟ್ ಬೆಲ್ಟಿನಿಂದ ಅವನ ಎರಡೂ ಕಾಲು ಸೇರಿಸಿ ಕಟ್ಟಿದೆ. ನಾನು ಶೆಡ್ಡಿನ ಸ್ಟೂಲಿನ ಮೇಲೆ.

"ಈಗ ಹತ್ತು. ಕುರ್ಚಿ ಒಳಗೆ ಹಾಕು. ಕಾಲು ಅಲುಗಾಡಿದ್ರೆ ಮೊದಲಿಂದ."

ಮೊದಲು ನಕ್ಕ. ರೆಕ್ಕೆಯ ಅಂಚಿಗೆ ಬರುವಷ್ಟರಲ್ಲಿ ನಗು ನಿಂತಿತು. ರೆಕ್ಕೆ ವಿಮಾನಕ್ಕೆ ಸೇರುವ ಬುಡದವರೆಗೆ ಅಂಡು ಎಳೆದುಕೊಂಡು ಹೋಗಿ, ಕುರ್ಚಿಯನ್ನು ಮೇಲೆತ್ತಿ, ತಿರುಗಿ, ತಾನು ಕೊರೆದ ಬಾಗಿಲಿನ ಕಡೆ ಕೈ ಚಾಚಿದ. ಎಟುಕಲಿಲ್ಲ. ಇನ್ನೊಮ್ಮೆ. ಕುರ್ಚಿ ಜಾರಿ ಅವನ ಮೊಣಕಾಲ ಮೇಲೆ ಬಿತ್ತು. ಬೆಲ್ಟ್ ಬಿಚ್ಚಲಿಲ್ಲ. ಅಲ್ಲೇ ಕೂತಿದ್ದ, ಬೆವರು ಒರೆಸಿಕೊಳ್ಳುತ್ತ.

"ನಾನು ನಿಂತ್ಕೊಂಡು ಅಳತೆ ತಗೊಂಡೆ ಕಣೇ" ಅಂದ. "ಪೆನ್ಸಿಲ್ ಕೊಡು."

ಕೂತಲ್ಲಿಂದಲೇ ಗೆರೆ ಎಳೆದ. ನನ್ನ ಡ್ರಾಯಿಂಗಿಗಿಂತಲೂ ಒಂದು ಗೇಣು ಮುಂದೆ. ಅದರಲ್ಲಿ ಅವನೇ ಸರಿ. ಒಪ್ಪಿಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ಶನಿವಾರ, 20 ಏಪ್ರಿಲ್

ಹೊಸ ಬಾಗಿಲು ಕೂತಿದೆ. ಹಳೆಯ ತೂತಿಗೆ ತೇಪೆ. ಅತ್ತಿಗೆ ಹಳೆ ಪ್ಯಾರಾಶೂಟ್ ಪಟ್ಟಿಯಿಂದ ಬಲೆ ಹೊಲಿದುಕೊಟ್ಟಿದ್ದಾರೆ, ಕುರ್ಚಿ ಜಾರದ ಹಾಗೆ.

ಇವತ್ತು ಟಾರ್ಚ್ ಸಾಹೇಬರ ಪರೀಕ್ಷೆ. ರಿವೆಟ್ ಒಂದೊಂದನ್ನೂ ನೋಡಿದರು. ಆಮೇಲೆ, "ಹಾಕಿ ತೋರಿಸಿ."

ರೆಕ್ಕೆ ಹತ್ತಿದೆ. ಕುರ್ಚಿಯ ಒಂದು ಗಾಲಿ ಕಳಚಿ ಒಳಗಿಟ್ಟೆ. ಇನ್ನೊಂದು ಕೈತಪ್ಪಿತು. ರೆಕ್ಕೆಯಿಂದ ಜಿಗಿದು, ಶೆಡ್ಡಿನ ಆ ಮೂಲೆಯವರೆಗೂ ಉರುಳಿ ಹೋಗಿ ಬಿತ್ತು. ದರಿದ್ರದ್ದು! ಸಾಹೇಬರು ಎರಡು ಹೆಜ್ಜೆ ಇಟ್ಟರು.

"ಮುಟ್ಟಬೇಡಿ ಸಾರ್."

ಅಣ್ಣನೂ ಎದ್ದಿದ್ದ. ಕೂತ.

ಕೆಳಗಿಳಿದೆ. ಸಿಮೆಂಟಿನ ಮೇಲೆ ಕೈ ಊರಿಕೊಂಡು, ಕಾಲು ಎಳೆದುಕೊಂಡು ಹೋದೆ. ಗಾಲಿಯನ್ನು ತೋಳಿಗೆ ಏರಿಸಿಕೊಂಡು ವಾಪಸ್. ಮತ್ತೆ ರೆಕ್ಕೆಯ ಮೇಲೆ. ತುಂಬಾ ಹೊತ್ತು ಹಿಡಿಯಿತು. ಮೊಣಕೈ ತರಚಿತು, ಚೂಡಿದಾರ್ ಪೂರ್ತಿ ಗ್ರೀಸು. ಗಾಲಿ, ಕುರ್ಚಿ, ಬಲೆ, ಬಾಗಿಲು, ಚಿಲಕ. ಆಯಿತು.

"ಇಳಿದ ಕಡೆ ಹೀಗೇ ಆದ್ರೆ?" ಅಂದರು ಸಾಹೇಬರು.

"ಹೀಗೇ ಮಾಡ್ತೀನಿ."

ಟಾರ್ಚನ್ನು ಕಂಕುಳಲ್ಲಿ ಇಟ್ಟುಕೊಂಡು ಸಹಿ ಹಾಕಿದರು. ಹೋಗುವಾಗ, "ಗಾಲಿಗೊಂದು ದಾರ ಕಟ್ಕೊಳ್ಳಮ್ಮ" ಅಂದರು. ಒಳ್ಳೆಯ ಮಾತು. ಕಟ್ಟಿದೆ.

ಭಾನುವಾರ, 5 ಮೇ

ಇದನ್ನು ಬರೆಯುತ್ತಿರುವುದು ನಮ್ಮ ಶೆಡ್ಡಿನಲ್ಲಿ ಅಲ್ಲ. ಪಕ್ಕದ ಊರಿನ ಫೀಲ್ಡ್. ಒಬ್ಬಳೇ ಬಂದೆ. ಒಬ್ಬಳೇ ಇಳಿದೆ. ಕುರ್ಚಿಯಲ್ಲಿ ಕೂತು ಪೆಟ್ರೋಲ್ ಪಂಪಿನವರೆಗೂ ಹೋದೆ. ಪೆಟ್ರೋಲಿನವರು ನನ್ನ ಹಿಂದೆಲ್ಲ ಹುಡುಕಿದರು. "ಪೈಲಟ್ ಎಲ್ಲಮ್ಮ?" ಅಂದರು. ನಾನೇ ಅಂದೆ. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಹೇಳಿದೆ, ಸ್ವಲ್ಪ ಜೋರಾಗಿ.

ಖುಷಿ ಅಂದರೆ ಖುಷಿ. ಟೀ ತಗೊಂಡೆ. ಎದುರಿನ ಕುರ್ಚಿ ಖಾಲಿ. ಆ ಖಾಲಿ ಕುರ್ಚಿ ನೋಡುತ್ತ ಕೂತೆ, ಟೀ ಆರಿಹೋಯಿತು.

ಅಣ್ಣನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಮುಟ್ಟಿದ್ಯಾ?"

"ಹೂಂ. ಎಲ್ಲಾ ನಾನೇ ಮಾಡ್ಕೊಂಡೆ."

"ಸರಿ. ಹಾಗಾದ್ರೆ ಇನ್ಮೇಲೆ ನನ್ನ ಭಾನುವಾರ ನನ್ನದು." ನಗುವುದಕ್ಕೆ ನೋಡಿದ. ಆಗಲಿಲ್ಲ.

"ಮುಂದಿನ ವಾರ ಬಾರೋ."

"ಯಾಕೆ? ಬಾಗಿಲು ಸರಿ ಇಲ್ವಾ?"

"ಬಾಗಿಲು ಸರಿಯಾಗಿದೆ. ಸುಮ್ನೆ ಬಾ. ಟೀಗೆ."

ಮೂರು ವರ್ಷ ಅವನನ್ನು ಕರೆದದ್ದೆಲ್ಲ ಕುರ್ಚಿಗಾಗಿ. ಅವನಿಗೂ ಅದು ಗೊತ್ತಿತ್ತು. ಆ ಕಡೆ ಮೂಗೆಳೆದುಕೊಂಡದ್ದು ಕೇಳಿಸಿತು.

"ನಿನ್ನ ಕುರ್ಚಿ ಮುಟ್ಟೋದಿಲ್ಲ, ಈಗಲೇ ಹೇಳಿದೀನಿ" ಅಂದ. "ಕೈ ಕಟ್ಕೊಂಡು ಬರ್ತೀನಿ, ದೊಡ್ಡ ಮನುಷ್ಯನ ಹಾಗೆ."

ಬಾ, ದೊಡ್ಡ ಮನುಷ್ಯ, ಅಂದೆ. ಬೇಕಿದ್ದಕ್ಕಿಂತ ಗಟ್ಟಿಯಾಗಿಯೇ ಅಂದೆ. ಅವನು ಇನ್ನೂ ಏನೋ ಹೇಳುತ್ತಿದ್ದ, ಗಾಳಿ ತಿರುಗಿದೆ ಅಂತ ಪೆಟ್ರೋಲಿನವರು ಕೂಗಿದರು, ಫೋನ್ ಇಟ್ಟೆ. ಈಗ ಕುರ್ಚಿ ಒಳಗೆ ಹಾಕಬೇಕು, ನೋಡುವುದಕ್ಕೆ ನಾಲ್ಕು ಜನ ಸೇರಿದ್ದಾರೆ, ಒಬ್ಬ ಆಗಲೇ ಎತ್ತಿಕೊಡಲು ಅಂಗಿಯ ತೋಳು ಮಡಚುತ್ತಿದ್ದಾನೆ, ಅವನಿಗೆ ಮೊದಲು ಹೇಳಬೇಕು —