ಕಿಟಕಿ ತೆರೆಯದ ಬೋಗಿಗಳು

ಚನ್ನಪಟ್ಟಣ
ಶುಕ್ರವಾರ, 14 ನವೆಂಬರ್ 1997

ಪ್ರೀತಿಯ ವಹಾಬ್ ಭಾಯಿಗೆ ನಿನ್ನ ತಂಗಿ ಮುನ್ನೀಯ ಸಲಾಮು.

ಆ ಮರಳುಗಾಡಿನ ದಮ್ಮಾಮಿನಲ್ಲೂ ಈಗ ಚಳಿ ಶುರುವಾಗಿರಬೇಕು. ನಿನ್ನ ಮಂಡಿ ನೋವು ಹೇಗಿದೆ? ಅಮ್ಮಿ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಸೀಸೆ ಟ್ರಂಕಿನಲ್ಲೇ ಕೂತಿದೆಯೋ? ಅಮ್ಮಿಯ ಬಲಗಣ್ಣಿನ ಪೊರೆ ತೆಗೆಸಿದೆವು. ಈಗ ಬೀದಿಯಲ್ಲಿ ಹೋಗುವವರೆಲ್ಲ ಚೆನ್ನಾಗಿ ಕಾಣುತ್ತಾರೆ, ಎಲ್ಲರಿಗೂ ಇಷ್ಟು ಬೇಗ ವಯಸ್ಸಾಯಿತಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾಳೆ. ನಮ್ಮವರು ಶರೀಫ್ ಎಂದಿನಂತಿದ್ದಾರೆ, ಮಾತು ಕಡಿಮೆ, ಕೆಮ್ಮು ಜಾಸ್ತಿ. ಯಾರ ಕೈಲಾದರೂ ಉರ್ದುವಿನಲ್ಲಿ ಬರೆಸು ಎಂದು ಅಮ್ಮಿ ಹೇಳಿದಳು. ಬರೆಸಬೇಕೆಂದರೆ ಇನ್ನೊಬ್ಬರ ಮುಂದೆ ಬಾಯಿ ಬಿಡಬೇಕು. ಅದಕ್ಕೇ ನಾವಿಬ್ಬರೂ ಸರ್ಕಾರಿ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀನೂ ಒಬ್ಬನೇ ಕೂತು ಓದು.

ದೊಡ್ಡದೊಂದು ಆರ್ಡರ್ ಬಂದಿದೆ ಎಂದು ಹಿಂದಿನ ಪತ್ರದಲ್ಲಿ ಒಂದೇ ಸಾಲು ಬರೆದಿದ್ದೆ. ಅದನ್ನು ತಂದವನು ಅಂಕಯ್ಯ. ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ದಲ್ಲಾಳಿಯಾಗಿದ್ದನಲ್ಲ, ಅವನೇ. ಈಗ ಜಮೀನು ತೋರಿಸುವ ಕೆಲಸಕ್ಕೆ ಇಳಿದಿದ್ದಾನೆ. ಜೂನ್ ತಿಂಗಳಲ್ಲಿ ಬೆಂಗಳೂರಿನ ಒಬ್ಬ ಮ್ಯಾನೇಜರನ್ನು ನಮ್ಮ ಮನೆಗೆ ಕರೆದುಕೊಂಡು ಬಂದ. ಬಿಡದಿಯ ಹತ್ತಿರ ಅವರ ಕಂಪನಿಯ ಷೆಡ್ಡಿನಲ್ಲಿ ದೊಡ್ಡ ಮಾದರಿ ರೈಲು ಹಾಕುತ್ತಿದ್ದಾರಂತೆ, ಅದಕ್ಕೆ ಎಂಟು ಪ್ರಯಾಣಿಕರ ಬೋಗಿಗಳು ಬೇಕು. ನಾವು ಮಾಡುವ ಗಾಲಿಯ ರೈಲಿನಂಥದ್ದಲ್ಲ, ನಿಜವಾದ ಬೋಗಿಯ ಮೂವತ್ತೆರಡರಲ್ಲಿ ಒಂದು ಪಾಲು. ಒಂದೊಂದೂ ಹತ್ತಿರ ಹತ್ತಿರ ಎರಡೂವರೆ ಅಡಿ ಉದ್ದ. ಬಾಗಿಲು, ಸೀಟು, ಸಾಮಾನಿಡುವ ಕಂಬಿ, ಅಡಿಯ ಚಕ್ರದ ಗಾಡಿ, ಎಲ್ಲವನ್ನೂ ಮೊದಲಿನಿಂದ ಕೈಯಲ್ಲೇ ಮಾಡಬೇಕು. ಚನ್ನಪಟ್ಟಣದಲ್ಲಿ ಇಷ್ಟು ಜನ ಉಸ್ತಾದರಿರುವಾಗ ನನ್ನನ್ನೇ ಹುಡುಕಿಕೊಂಡು ಏಕೆ ಬಂದರೆಂದು ಆಗ ನಾನು ಕೇಳಲಿಲ್ಲ. ನನ್ನ ಕೈಗೆ ಹೆಸರು ಬಂದಿದೆ ಎಂದುಕೊಂಡೆ. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ಎರಡು ಹೆಜ್ಜೆ ಹಿಂದೆ ನಿಲ್ಲು ಎಂದು ಅಬ್ಬಾ ಹೇಳುತ್ತಿದ್ದರು. ಆ ಮಾತು ನನಗೆ ಈಗ ನೆನಪಾಗುತ್ತಿದೆ.

ನಿಜ ಹೇಳುತ್ತೇನೆ ಭಾಯಿ, ಆ ನಾಲ್ಕು ತಿಂಗಳು ನಾನು ಅಷ್ಟು ಸಂತೋಷವಾಗಿ ಎಂದೂ ಕೆಲಸ ಮಾಡಿರಲಿಲ್ಲ. ತಿರುಗದ ಮರಕ್ಕೆ ಬಣ್ಣದ ಅರಗು ಹಿಡಿಯುವುದಿಲ್ಲವೆಂದು ನಿನಗೆ ಗೊತ್ತು. ಬೋಗಿಯ ಮೈಯೆಲ್ಲ ಚಪ್ಪಟೆ, ಲೇತಿಗೆ ಹಾಕುವಂತಿಲ್ಲ. ಮರದ ತೆಳು ಹಲಗೆ ಹಾಕಿ ನೋಡಿದೆ, ಆಷಾಢದ ತಂಪಿಗೆ ಸೊಟ್ಟಗಾಯಿತು. ಕೊನೆಗೆ ಶರೀಫರೇ ಉಪಾಯ ತಂದರು. ಪ್ರಿಂಟಿಂಗ್ ಪ್ರೆಸ್ಸಿನವರು ಬಳಸಿ ಬಿಸಾಡುವ ಅಲ್ಯೂಮಿನಿಯಂ ಪ್ಲೇಟುಗಳು ಕಾಗದದಷ್ಟು ತೆಳ್ಳಗೆ, ಕತ್ತರಿಗೇ ಸಿಗುತ್ತವೆ. ಅದರಲ್ಲಿ ಎರಡು ಪಕ್ಕದ ಗೋಡೆ, ಚಾವಣಿಗೆ ನಮ್ಮ ಬೊಂಬೆಗಳ ಆಲೆ ಮರದ ಪಟ್ಟಿಗಳನ್ನು ಅಂಟಿಸಿ ಕಮಾನಾಗಿ ಹೆರೆದೆ. ಚಕ್ರ ಹಿತ್ತಾಳೆಯವು. ಮೊದಲನೆಯ ಬೋಗಿ ತಿರುವಿನಲ್ಲಿ ಹಳಿ ಬಿಟ್ಟು ಬೀಳುತ್ತಿತ್ತು, ಅಡಿಯ ಗಾಡಿಯ ಮೊಳೆಯನ್ನು ಒಂದು ಕೂದಲೆಳೆ ಸಡಿಲ ಮಾಡಿದ ಮೇಲೆ ನೀರಿನಂತೆ ಹರಿಯಿತು. ಸೀಟುಗಳ ಸಾಲು ನೋಡಿ ಅಮ್ಮಿ, ಇದರಲ್ಲಿ ಕೂತು ಮೈಸೂರಿಗೆ ಹೋಗಿ ಬರೋಣ ಎಂದಳು.

ಆದರೆ ಅವರು ಕೊಟ್ಟ ನಕ್ಷೆಯಲ್ಲಿದ್ದಂಥ ಬೋಗಿ ನಮ್ಮ ಲೈನಿನಲ್ಲಿ ಓಡುವುದನ್ನು ನಾನು ನೋಡಿಲ್ಲ. ಮೀಟರ್‌ಗೇಜ್ ತೆಗೆದು ದೊಡ್ಡ ಹಳಿ ಹಾಕಿದ ಮೇಲೂ ನಮಗೆ ಬರುವುದು ಕಂಬಿ ಹಾಕಿದ ಕಿಟಕಿಯ ಬೋಗಿಗಳೇ. ಇದರ ಕಿಟಕಿಗಳು ಗೋಡೆಯಷ್ಟು ಅಗಲ, ಒಂದೂ ತೆರೆಯುವುದಿಲ್ಲ. ಬಾಗಿಲು ತಾನೇ ಜರುಗಬೇಕು. ಇಂಥವು ಇಲ್ಲಿ ಎಲ್ಲಿವೆ ಎಂದು ಮ್ಯಾನೇಜರನ್ನು ಕೇಳಿದೆ. "ಬರುತ್ತೆ ಮೇಡಂ. ಮೊದಲು ಜಾಗ ಆಗಬೇಕು" ಎಂದ. ಪ್ರತಿ ಸಲ ಬಂದಾಗಲೂ ನಕ್ಷೆಗಳನ್ನು ಎಣಿಸಿ ನೋಡುತ್ತಿದ್ದ, ಕೆಲಸ ಮುಗಿದ ನಕ್ಷೆಯನ್ನು ವಾಪಸು ಒಯ್ಯುತ್ತಿದ್ದ. ಕತ್ತರಿಸಿ ಉಳಿದ ಚೂರನ್ನೂ ಬಿಡುತ್ತಿರಲಿಲ್ಲ. ಅಕ್ಕಪಕ್ಕದವರಿಗೆ ತೋರಿಸಬೇಡಿ ಎಂದು ಎರಡು ಸಲ ಹೇಳಿದ. ದೊಡ್ಡವರ ಷೋಕಿ ಹೀಗೇ ಎಂದು ನಾನು ಸುಮ್ಮನಾದೆ.

ಅಕ್ಟೋಬರ್ ಕೊನೆಯಲ್ಲಿ ಕಡೆಯ ಎರಡು ಬೋಗಿಗಳನ್ನು ಒಪ್ಪಿಸಲು ನಾನೂ ಶರೀಫರೂ ಟೆಂಪೋದಲ್ಲಿ ಬಿಡದಿಗೆ ಹೋದೆವು. ಅದುವರೆಗೆ ಅವರೇ ಬಂದು ಒಯ್ಯುತ್ತಿದ್ದರು. ಅವತ್ತು ಮ್ಯಾನೇಜರ್ ಇನ್ನೂ ಬಂದಿರಲಿಲ್ಲ, ಕಾವಲಿನ ವೆಂಕಟಯ್ಯ ಎಂಬ ಮುದುಕ ಬಾಗಿಲು ತೆಗೆದ. ಷೆಡ್ಡಿನ ತುಂಬ, ನಮ್ಮ ಬೀದಿಯ ಅರ್ಧದಷ್ಟು ಉದ್ದಕ್ಕೆ, ಮೇಜಿನ ಮೇಲೆ ಒಂದು ಸೀಮೆಯನ್ನೇ ಕಟ್ಟಿ ಬಿಳಿ ಬಟ್ಟೆ ಹೊದಿಸಿದ್ದರು. ಬೋಗಿ ಹಳಿಯ ಮೇಲೆ ಸರಿಯಾಗಿ ಕೂರುತ್ತದೋ ನೋಡಬೇಕು ಎಂದೆ. ಪಾಪ, ಅವನು ಬಟ್ಟೆ ಸರಿಸಿದ.

ಮೊದಲು ಕಂಡದ್ದು ಬೆಟ್ಟಗಳು. ರಾಮನಗರದ ಬಂಡೆಗಳ ಗುರುತು ಯಾರಿಗೆ ತಾನೇ ಸಿಗುವುದಿಲ್ಲ? ಹಳಿಯ ಗುಂಟ ಕಣ್ಣು ಹಾಯಿಸಿದೆ. ಜೋಡಿಬಂಡೆ ಬಂತು. ಅದರ ಕೆಳಗೆ ಕೆರೆ, ಕೆರೆಯ ಏರಿ, ಏರಿಯ ಮೂಲೆಯ ಕಲ್ಲಿನ ತೂಬು ಕೂಡ ಬಿಡದೆ ಮಾಡಿದ್ದರು. ಏರಿ ಇಳಿದು ಎಡಕ್ಕೆ ತಿರುಗಿದರೆ ನಮ್ಮ ಆಲೆ ಮರದ ತೋಟ, ತೋಟ ದಾಟಿದರೆ ಕೆಂಚಮ್ಮನದೊಡ್ಡಿ. ನಾನು ಅಲ್ಲಿ ಕೈಯಿಟ್ಟು ನೋಡಿದೆ, ಭಾಯಿ. ತೋಟವಿಲ್ಲ. ದೊಡ್ಡಿಯ ಮೂವತ್ತೆಂಟು ಮನೆಗಳಲ್ಲಿ ಒಂದೂ ಇಲ್ಲ. ಗಾಜಿನ ಚಾವಣಿಯ ಒಂದು ಸ್ಟೇಷನ್ನು, ಅದರ ಹಿಂದೆ ಕೆರೆಯ ದಡದವರೆಗೂ ಒಂದೇ ನಮೂನೆಯ ಬಿಳಿ ಬಂಗಲೆಗಳು. ಪ್ಲಾಟ್‌ಫಾರಂ ಮೇಲೆ ಬೆರಳಿನುದ್ದದ ಗಂಡಸರು, ಹೆಂಗಸರು ಪೆಟ್ಟಿಗೆ ಹಿಡಿದು ನಿಂತಿದ್ದರು. ಅವರೆದುರಿಗೆ ನಾನು ಮಾಡಿದ ಬೋಗಿಗಳು, ದೊಡ್ಡ ಕಿಟಕಿಗಳನ್ನು ಕೆರೆಯ ಕಡೆ ಮಾಡಿಕೊಂಡು. ಶರೀಫರು ನನ್ನ ಮೊಣಕೈ ಹಿಡಿದರು.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಸಿಟ್ಟು ಮಾಡಲಿಲ್ಲ, ಬಟ್ಟೆಯನ್ನು ತಾನೇ ಎಳೆದು ಮುಚ್ಚಿದ. ಅಲ್ಲಿ ಒಂದು ಊರಿದೆಯಲ್ಲ ಎಂದೆ. ಅದು ಖಾಲಿ ಜಾಗ ಎಂದ. ಅಲ್ಲೇ ನಮ್ಮ ಅಬ್ಬಾ ನೆಟ್ಟ ತೋಟವಿದೆ ಎಂದೆ. ಆಗ ಅವನು ನಗುತ್ತಾ ಅಂದ ಮಾತನ್ನು ನಿನಗೆ ಹಾಗೇ ಬರೆಯುತ್ತೇನೆ. "ಅದು ನಿಮ್ಮದಲ್ಲವಲ್ಲ ಮೇಡಂ, ನಿಮ್ಮಣ್ಣಂದು. ದಮ್ಮಾಮಿನ ಏಳನೇ ಲೇಬರ್ ಕ್ಯಾಂಪಿನಲ್ಲಿ ಇದಾರಲ್ಲ, ಮಂಡಿ ನೋವಂತೆ ಪಾಪ." ನನಗೆ ಅಣ್ಣನಿದ್ದಾನೆಂದು ಇವರಿಗೆ ನಾನು ಹೇಳಿಲ್ಲ. ಶರೀಫರೂ ಹೇಳಿಲ್ಲ. ನಿನ್ನ ಕ್ಯಾಂಪಿನ ನಂಬರು ಅಮ್ಮಿಗೂ ಬಾಯಿಗೆ ಬರುವುದಿಲ್ಲ.

ಷೆಡ್ಡಿನಿಂದ ನೇರವಾಗಿ ದೊಡ್ಡಿಗೆ ಹೋದೆವು. ನಮ್ಮ ತೋಟದ ಪಕ್ಕದ ಹೊಲದ ಸಿದ್ದಯ್ಯ ರಾಗಿ ಕುಯ್ಯಿಸಲು ನಿಂತಿದ್ದ. ಕಂಡದ್ದನ್ನೆಲ್ಲ ಹೇಳಿದೆ. ಅವನ ಹೆಂಡತಿ ಮಾಯಮ್ಮ ನಕ್ಕುಬಿಟ್ಟಳು, ಆಟದ ಸಾಮಾನು ಮಾಡುವವಳು ಆಟದ ಸಾಮಾನಿಗೇ ಹೆದರಿದಳೆಂದು. ಸಿದ್ದಯ್ಯ ನಗಲಿಲ್ಲ. ಕೆರೆ ಅಂಚಿನಲ್ಲಿ ತಿಂಗಳ ಹಿಂದೆ ಯಾರೋ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರಂತೆ, ರೈಲ್ವೆಯವರಿರಬೇಕೆಂದು ಸುಮ್ಮನಿದ್ದನಂತೆ. ಮರುದಿನ ಸಿದ್ದಯ್ಯನೂ ನಾವಿಬ್ಬರೂ ತಾಲ್ಲೂಕು ಆಫೀಸಿಗೆ ಹೋಗಿ ವಿಚಾರಿಸಿದೆವು. ಸ್ಟೇಷನ್ನೂ ಇಲ್ಲ, ಯಾವ ನೋಟೀಸೂ ಇಲ್ಲ, ಅಂಥ ಯೋಜನೆ ಕೇಳಿಯೇ ಇಲ್ಲ ಎಂದರು. ನೋಟೀಸು ಇದ್ದಿದ್ದರೆ ತಕರಾರು ಹಾಕಬಹುದಿತ್ತು. ಇಲ್ಲದ್ದಕ್ಕೆ ಯಾರ ಮುಂದೆ ತಕರಾರು ಹಾಕುವುದು?

ಹೋದ ಸೋಮವಾರ ಬೆಳಿಗ್ಗೆ ಸಿದ್ದಯ್ಯ ಸೈಕಲ್ ತುಳಿದುಕೊಂಡು ಮನೆಗೇ ಬಂದ. ನಮ್ಮ ತೋಟದ ಬೇಲಿಯ ಸಾಲಿನಲ್ಲಿ ಐದು ಆಲೆ ಮರಗಳನ್ನು ಬುಡಕ್ಕೆ ಕಡಿದಿದ್ದರು. ಹೋಗಿ ನೋಡಿದೆ. ಕಳ್ಳರಾಗಿದ್ದರೆ ದಿಮ್ಮಿ ಒಯ್ಯುತ್ತಿದ್ದರು. ಐದನ್ನೂ ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಮಲಗಿಸಿ ಹೋಗಿದ್ದಾರೆ. ಕಡಿದ ಜಾಗದಲ್ಲಿ ಹಾಲು ಇನ್ನೂ ಒಸರುತ್ತಿತ್ತು. ಸಿದ್ದಯ್ಯ ದಿಮ್ಮಿಯ ಮೇಲೆ ಕೂರಲೂ ಇಲ್ಲ, ದೂರದಲ್ಲೇ ನಿಂತು ಹೇಳಿದ. "ನಿಮ್ಮ ತೋಟ ಓದ್ರೆ ನಮ್ಗೆ ದಾರಿನೇ ಇಲ್ಲ ಕಣವ್ವ. ಈಚ್ಕಡೆ ಬಂಡೆ, ಆಚ್ಕಡೆ ಕೆರೆ. ಗಾಡಿ ಎಲ್ಲಿಂದ ತರಾನ? ನಮ್ಮನ್ನ ಯಾರೂ ಓಡ್ಸ್‌ಬೇಕಿಲ್ಲ, ನಾವೇ ಬುಟ್ಟೋಯ್ತೀವಿ." ಮಾಯಮ್ಮ ಈ ಸಲ ನಗಲಿಲ್ಲ. ನಮ್ಮ ಮನೆ ಇರೋ ಜಾಗದಲ್ಲಿ ಅವರು ಏನು ಮಡಗವ್ರೆ ಎಂದು ಮೆಲ್ಲಗೆ ಕೇಳಿದಳು. ಅಲ್ಲಿದ್ದುದು ಟಿಕೆಟ್ ಕೊಡುವ ಕಿಟಕಿ. ನಾನು ಮಾತ್ರ ಸರಿಯಾಗಿ ನೋಡಲಿಲ್ಲ ಎಂದುಬಿಟ್ಟೆ.

ನನಗೆ ಅರ್ಥವಾಗಿರುವುದು ಇಷ್ಟು. ಅವರಿಗೆ ಬೇಕಾಗಿದ್ದುದು ಬೋಗಿ ಮಾತ್ರವಲ್ಲ. ಬೋಗಿಯ ನೆಪದಲ್ಲಿ ನಾಲ್ಕು ತಿಂಗಳು ನಮ್ಮ ಮನೆಯ ಜಗಲಿಯ ಮೇಲೆ ಕೂತು ನಮ್ಮ ಮಾತು ಕೇಳಿಸಿಕೊಂಡರು. ಅಮ್ಮಿ ನಿನ್ನ ಮಂಡಿಗೆ ಎಣ್ಣೆ ಕಾಯಿಸಿದ ದಿನ ಅಂಕಯ್ಯ ಅಲ್ಲೇ ಚಹಾ ಕುಡಿಯುತ್ತಿದ್ದ. ಕ್ಯಾಂಪಿನ ನಂಬರಿರುವ ನಿನ್ನ ಲಕೋಟೆಗಳೂ ಆ ಜಗಲಿಯ ಗೂಡಿನಲ್ಲೇ ಇರುತ್ತಿದ್ದವು. ನಾನು ಆ ಕಂಪನಿಯ ಹಣಕ್ಕಾಗಲಿ ಕೆಲಸಕ್ಕಾಗಲಿ ಇನ್ನು ಕೈ ಚಾಚುವುದಿಲ್ಲ. ಆದರೆ ನಾನು ಮಾಡಿದ್ದನ್ನು ಮಾಡಿಲ್ಲವೆನ್ನಲು ಆಗುತ್ತದೆಯೇ? ಆ ಸೀಮೆಯಲ್ಲಿ ನನ್ನ ಬೋಗಿಗಳಷ್ಟು ಚೆಂದವಾದದ್ದು ಇನ್ನೊಂದಿರಲಿಲ್ಲ. ಬಂಗಲೆ ಕೊಳ್ಳಲು ಬರುವ ದೊಡ್ಡ ಮನುಷ್ಯರು ಮೊದಲು ಅವನ್ನೇ ನೋಡುತ್ತಾರೆ.

ಅಬ್ಬಾ ನೆಲವನ್ನು ನಿನ್ನ ಹೆಸರಿಗೆ ಬರೆದಾಗ ನಾನು ಒಂದು ಮಾತೂ ಆಡಿರಲಿಲ್ಲ, ಈಗಲೂ ಆಡುವುದಿಲ್ಲ. ನೀನು ದುಡಿದು ದಣಿದಿದ್ದೀಯ. ಮಾರಬೇಕೆಂದು ನಿನಗೇ ಅನ್ನಿಸಿದರೆ ಊರಿಗೆ ಬಾ, ಏರಿಯ ಮೇಲೆ ನಿಂತು ದೊಡ್ಡಿಯನ್ನು ನೋಡು, ಸಿದ್ದಯ್ಯನ ಎದುರಿಗೆ ಕೂತು ಮಾತಾಡು, ಆಮೇಲೆ ನಿನ್ನಿಷ್ಟ. ದೂರದಲ್ಲಿ ಕೂತು ಮಾತ್ರ ಏನೂ ಮಾಡಬೇಡ. ಐಎಸ್‌ಡಿ ಬೂತಿನಿಂದ ಮೂರು ಸಲ ನಿನ್ನ ಕ್ಯಾಂಪಿಗೆ ಫೋನ್ ಮಾಡಿದೆ. ನೀನು ದೂರದ ಸೈಟಿಗೆ ಹೋಗಿದ್ದೀಯೆಂದು ಯಾರೋ ಹಿಂದಿಯಲ್ಲಿ ಹೇಳಿ ಇಟ್ಟುಬಿಟ್ಟರು. ಹೋಟೆಲ್ ಕೆಲಸದ ಗಫಾರ್ ರಜೆ ಮುಗಿಸಿ ಭಾನುವಾರ ಬೊಂಬಾಯಿಯಿಂದ ದಮ್ಮಾಮಿಗೆ ಹತ್ತುತ್ತಾನೆ, ಈ ಪತ್ರ ಅವನ ಕೈಯಲ್ಲಿ ಬರುತ್ತದೆ.

ಅಮ್ಮಿ ಐದು ಹೊತ್ತಿನ ದುವಾದಲ್ಲೂ ನಿನ್ನನ್ನು ಮೊದಲು ನೆನೆಯುತ್ತಾಳೆ. ಶರೀಫರ ಸಲಾಮು. ಅಲ್ಲಾಹನು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿನ್ನ ತಂಗಿ
ಮುನ್ನೀ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಮ್ಮ ಬೀದಿಯ ಇಸ್ಮತ್ ಬಂದಳು. ನಿನ್ನ ಕ್ಯಾಂಪಿನವನೇ ಆದ ಅವಳ ಗಂಡ ರಸೂಲ್ ನಿನ್ನೆ ವಿಮಾನ ಹತ್ತಿದ. ಅವನ ಕೈಗೆ ಅಂಕಯ್ಯ ಒಂದು ಉದ್ದನೆಯ ಪೆಟ್ಟಿಗೆ ಕೊಟ್ಟು, ಮುನ್ನೀ ತನ್ನ ಅಣ್ಣನಿಗೆ ಕಳಿಸಿದ್ದಾಳೆ ಎಂದಿದ್ದಾನೆ. ಅದರಲ್ಲಿ ನನ್ನ ಬೋಗಿಗಳಲ್ಲಿ ಒಂದಿದೆ, ಅಮ್ಮಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಮ್ಯಾನೇಜರ್ ಜಗಲಿಯಲ್ಲಿ ತೆಗೆದ ಫೋಟೋ ಕೂಡ ಇದೆಯಂತೆ. ನೋಡಿದ ಕೂಡಲೇ ನನ್ನ ಕೈಕೆಲಸವೆಂದು ನಿನಗೆ ಗೊತ್ತಾಗುತ್ತದೆ. ಮಾಡಿದ್ದು ನಾನೇ. ಕಳಿಸಿದ್ದು ನಾನಲ್ಲ. ರಸೂಲನನ್ನು ಬಯ್ಯಬೇಡ, ಅವನು ನಂಬಿದ್ದಾನೆ. ಪೆಟ್ಟಿಗೆಯ ಜೊತೆ ಇಂಗ್ಲಿಷಿನ ಒಂದು ಕಾಗದವಿದೆ, ಸಾಮಾನು ಮುಟ್ಟಿತೆಂದು ರಸೀದಿ, ಸಹಿ ಹಾಕಿಸಿ ವಾಪಸು ಕಳಿಸು ಎಂದಿದ್ದಾರೆ. ಅದು ರಸೀದಿಯೋ, ತೋಟ ಬರೆದುಕೊಡುವ ಪತ್ರವೋ ಯಾರು ಬಲ್ಲರು, ಸಹಿ ಹಾಕಬೇಡ, ಹೆಬ್ಬೆಟ್ಟೂ ಒತ್ತಬೇಡ. ಈ ಪತ್ರಕ್ಕಿಂತ ಮುಂಚೆ ಹಾಕಿಬಿಟ್ಟಿದ್ದರೆ ನನಗೆ ಒಂದು ತಂತಿ ಕೊಡು. ನಿನ್ನ ಮೇಲೆ ಸಿಟ್ಟಾಗುವುದಿಲ್ಲ. ಸಿದ್ದಯ್ಯನಿಗೆ ಬೇರೆ ಯಾರೋ ಹೇಳುವ ಮೊದಲು ನಾನೇ ಹೋಗಿ ಹೇಳಬೇಕು, ಅಷ್ಟೆ.