ಎಣ್ಣೆ ಇರುವ ಕಡೆಗೆ

ಜೂನ್ 3, ಸಂಜೆ

ಇವತ್ತೂ ಟ್ರ್ಯಾಕ್ಟರಿನ ನೇಗಿಲು ಎತ್ತೋ ಹೈಡ್ರಾಲಿಕ್ ಟ್ಯಾಂಕಿಗೆ ಎಣ್ಣೆ ಸುರಿದಾಯ್ತು. ನೆಲದ ಮೇಲೆ ಒಂದು ಹನಿ ಇಲ್ಲ. ಎಲ್ಲಿಗೆ ಹೋಗುತ್ತೆ? ಚಿಕ್ಕಪ್ಪ ಎಂಜಿನ್ ಆಯಿಲ್ ಅಳೆಯೋ ಡಿಪ್‌ಸ್ಟಿಕ್ ಎಳೆದು, ಗೆರೆ ದಾಟಿದ್ದು ತೋರಿಸಿ, "ಇಲ್ನೋಡು, ಇದರ ಆಯಿಲ್ ಮರಿ ಹಾಕ್ತಿದೆ!" ಅಂತ ನಕ್ಕರು.

ಫೋನಲ್ಲಿ ಟ್ರ್ಯಾಕ್ಟರ್ ಗ್ರೂಪಿಗೆ ಈ ವಿಷಯ ಹಾಕಿದೆ. ಪಂಪಣ್ಣ ರಿಪ್ಲೈ ಮಾಡಿದ್ರು!! ನನಗೆ!! ಯಾವ ಪಂಪ್ ಕೆಟ್ಟರೂ ಗ್ರೂಪಿಗೆ ಅವರೇ ದಿಕ್ಕು, ಅದಕ್ಕೇ ಆ ಹೆಸರು. ವಾಯ್ಸ್ ನೋಟ್ ಮತ್ತೆ ಮತ್ತೆ ಕೇಳಿದೆ. "ತಂಗಿ, ಹೈಡ್ರಾಲಿಕ್ ಪಂಪಿನ ಶಾಫ್ಟ್ ಸೀಲ್, ಎಣ್ಣೆ ತಡೆಯೋ ರಬ್ಬರ್ ರಿಂಗ್, ಹೋಗಿದೆ. ಹೈಡ್ರಾಲಿಕ್ ಎಣ್ಣೆ ಒಳಗೊಳಗೇ ಎಂಜಿನ್ನಿಗೆ ಸೇರ್ತಿದೆ. ಹೀಗೇ ಓಡಿಸಿದ್ರೆ ಎಂಜಿನ್ ಮಟಾಷ್."

ಜೂನ್ 4

ಚಿಕ್ಕಪ್ಪ ಮೆಕ್ಯಾನಿಕ್ ಕರೀರಿ ಅಂದರು. ಅಮ್ಮ, "ನನ್ನ ಮಗಳು ಮಾಡ್ತಾಳೆ."

"ಅತ್ತಿಗೆ, ಇವಳು ಫೋನ್ ನೋಡ್ಕೊಂಡು ಹಾರ್ಟ್ ಆಪರೇಷನ್ ಮಾಡ್ತೀನಂದ್ರೂ ನೀವು ಟೇಬಲ್ ಮೇಲೆ ಮಲಗಿಬಿಡ್ತೀರ."

"ಮಲಗ್ತೀನಿ. ನೀನು ಸ್ಪ್ಯಾನರ್ ಹುಡುಕು."

ನಾನು ಕೆಡಿಸಿದ್ರೆ? ಇರೋದೊಂದೇ ಟ್ರ್ಯಾಕ್ಟರ್.

ಜೂನ್ 6, ಮಧ್ಯಾಹ್ನ

ಪಂಪ್ ಬಿಚ್ಚಿದೆ. ಹಳೇ ಸೀಲ್ ಕಲ್ಲಾಗಿತ್ತು, ಕೀಳುವಾಗ ಚೂರುಚೂರು. ಯಾವ ಮುಖ ಯಾವ ಕಡೆ ಇತ್ತು ನೋಡಲೇ ಇಲ್ಲ — ಛೆ.

ಪಂಪಣ್ಣನ ಹಳೇ ಮೆಸೇಜ್ ಹುಡುಕಿದೆ. "ಸೀಲಿನ ತುಟಿ ಎಣ್ಣೆ ಇರುವ ಕಡೆಗೆ." ತುಟಿ ಅಂದರೆ ಸಣ್ಣ ಸ್ಪ್ರಿಂಗ್ ಇರೋ ಮಗ್ಗುಲು. ಪಂಪ್ ಬಸಿದು ಖಾಲಿ. ಎಂಜಿನ್ ಕಡೆ ಎಣ್ಣೆ ಹೊಳೀತಿತ್ತು. ಆ ಕಡೆಗೇ ಹೊಸ ಸೀಲಿನ ತುಟಿ ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿದೆ. ಎಂಜಿನ್ ಆಯಿಲೂ ಹೊಸದು, ಸರಿಯಾಗಿ ಗೆರೆಯವರೆಗೆ.

ಪಂಪ್ ಜೋಡಿಸೋ ಮೊದಲು ತೆಗೆದ ಸೀಲಿನ ಫೋಟೋ ಗ್ರೂಪಿಗೆ ಹಾಕಿದೆ. ಹಾರ್ಟ್‌ಗಳ ಸುರಿಮಳೆ. ಪಂಪಣ್ಣ ಮಾತ್ರ ಆನ್‌ಲೈನ್ ಇಲ್ಲ.

ಅಮ್ಮ ಲಿವರ್ ಎಳೆದಳು. ನೇಗಿಲು ಸರ್ರನೆ ಎದ್ದಿತು. ಗ್ರೀಸ್ ಮೆತ್ತಿದ ನನ್ನ ಕೆನ್ನೆ ಹಿಂಡಿದಳು.

ಜೂನ್ 9, ಬೆಳಗ್ಗೆ

ಎರಡು ದಿನದಿಂದ ಅಮ್ಮ ಉಳುತ್ತಿದ್ದಾಳೆ. ಈಗ ಡಿಪ್‌ಸ್ಟಿಕ್ ನೋಡಿದೆ. ಎಂಜಿನ್ ಆಯಿಲ್ ಗೆರೆಗಿಂತ ಮೇಲೆ. ಒರೆಸಿ ಮತ್ತೆ ನೋಡಿದೆ. ಮೇಲೆಯೇ. ಗಾಡಿ ಇಳಿಜಾರಲ್ಲಿ ನಿಂತಿರಬೇಕು... ಶೆಡ್ಡಿನ ಸಿಮೆಂಟ್ ನೆಲದಲ್ಲಿ ಎಲ್ಲಿಯ ಇಳಿಜಾರು?

ಆಚೆ ಅಮ್ಮ ಚಿಕ್ಕಪ್ಪನನ್ನು ಕೆಣಕ್ತಿದ್ದಳು, "ಈಗ ಹೇಳಪ್ಪ, ಯಾವ ಮೆಕ್ಯಾನಿಕ್ ಕರೀಬೇಕು?" ಅಮ್ಮನಿಗೆ ಹೇಳದೆ ಡಿಪ್‌ಸ್ಟಿಕ್ ವಾಪಸ್ ಸಿಕ್ಕಿಸಿದೆ. ಪಂಪಣ್ಣನಿಗೆ ಪರ್ಸನಲ್ ಮೆಸೇಜ್ ಹಾಕಿ ಸ್ನಾನಕ್ಕೆ ಹೋಗ್ತಿದ್ದೀನಿ.

ಅದೇ ದಿನ, ಹನ್ನೊಂದರ ಮೇಲೆ

ಪಂಪಣ್ಣ: "ತಂಗಿ, ಫೋಟೋ ಈಗ ನೋಡ್ದೆ. ತುಟಿ ಉಲ್ಟಾ. ಅಲ್ಲಿ ಎರಡೂ ಕಡೆ ಎಣ್ಣೆ ಇರುತ್ತೆ ಕಣಮ್ಮ. ಪಂಪಿನ ಕಡೆಗೆ ಇಡ್ಬೇಕಿತ್ತು. ನಾನೂ ಬಿಡಿಸಿ ಬರೀಲಿಲ್ಲ. ಸ್ಟಾರ್ಟ್ ಮಾಡ್ಬೇಡಿ."

ಶೆಡ್ ಖಾಲಿ. ಅಮ್ಮನ ಫೋನ್ ಅಡುಗೆಮನೇಲೇ ಹೊಡ್ಕೋತಿದೆ.

ಚಿಕ್ಕಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. ಬೈಕ್ ಹತ್ತಿದರು. "ನೀನು ಗೇಟಲ್ಲಿರು. ಅತ್ತಿಗೆ ಬೇರೆ ದಾರೀಲಿ ಬಂದ್ರೆ ಆಫ್ ಮಾಡ್ಸು."

ಗೇಟಲ್ಲಿ ಕೂತು ಬರೀತಿದ್ದೀನಿ. ಇಷ್ಟು ಹೊತ್ತೂ ಹೊಲದ ಕಡೆಯಿಂದ ಟ್ರ್ಯಾಕ್ಟರ್ ಸದ್ದು ಕೇಳ್ತಿತ್ತು. ಈಗಿಲ್ಲ.

ಬೈಕ್ ಬರ್ತಿದೆ. ಹಿಂದೆ ಅಮ್ಮ. ಮುಖ ಕಾಣ್ತಿಲ್ಲ. ಟ್ರ್ಯಾಕ್ಟರ್ ಇವರು ನಿಲ್ಲಿಸಿದ್ದೋ, ಎಂಜಿನ್ ಹೋಗಿ ತಾನಾಗೇ ನಿಂತಿದ್ದೋ... ಮೊದಲು ಅದನ್ನೇ ಕೇ—