ಒದ್ದೆ ಕೈಯವರ ಕಾಗದ

ಆಷಾಢದ ನಲವತ್ತನೇ ದಿನ, ೨೧೮೭
ತೇಲುಕೇರಿ, ತುಂಗಭದ್ರೆಯ ಎಡದಂಡೆ

ದೊಡ್ಡವ್ವ ಹುಲಿಗೆವ್ವನಿಗೆ,

ಬರೆಯುವುದು ನನ್ನ ಕೆಲಸವಲ್ಲ. ಮೊಮ್ಮಗಳು ಹೊನ್ನಿ ಬೆಳಗಿನಿಂದ ಬೆನ್ನು ಬಿದ್ದು, ಕೈ ಒರೆಸಿಕೊಳ್ಳಲು ಟವೆಲ್ಲು ಕೊಟ್ಟು, ಬಲವಂತವಾಗಿ ಕೂರಿಸಿದ್ದಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹರಿಗೋಲಿನ ಹುಟ್ಟು ಹಿಡಿದವಳು ನಾನು. ತಪ್ಪು ಕಂಡರೆ ತಿದ್ದುತ್ತಾ ಕೂರಬೇಡ, ಸುಮ್ಮನೆ ಓದು. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ನೂರಾ ಅರವತ್ತು ಚಿಲ್ಲರೆ ವರ್ಷದಲ್ಲಿ ಮಾತುಗಳೂ ಸವೆದಿವೆ. ನನಗೆ ಎಪ್ಪತ್ತಾರು, ನಿನಗೀಗ ನಲವತ್ತೊಂದು. ಆದರೂ ಮೊದಲು ಹುಟ್ಟಿದವಳು ನೀನು, ಅದಕ್ಕೇ ದೊಡ್ಡವ್ವ ಅನ್ನುತ್ತಿದ್ದೇನೆ. ಪ್ರೀತಿಯಿಂದ ಅಂದುಕೊಳ್ಳಬೇಡ.

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಹೊಳೆಗೆ ನೀರು ಬರುವವರೆಗೆ ಆಷಾಢ ಮುಗಿಯುವುದಿಲ್ಲ. ವರ್ಷದಲ್ಲಿ ಎಂಟು ತಿಂಗಳು ಹೊಳೆ ಬರೀ ಬಂಡೆ. ಮೇಲಿನ ಒಡ್ಡಿನವರು ನೀರು ಬಿಡುವ ದಿನ ಸಾರುತ್ತಾರೆ, ಈ ಸಲ ಆಷಾಢದ ಐವತ್ತೆರಡಕ್ಕೆ. ಅಲ್ಲಿಯವರೆಗೆ ನಮ್ಮ ಮನೆಗಳು ಮರಳಿನ ಮೇಲೆ ಕೂತಿರುತ್ತವೆ. ನೀರು ಬಂದರೆ ಅವೇ ತೇಲುತ್ತವೆ, ಅದಕ್ಕೇ ತೇಲುಕೇರಿ. ಬೆಳಿಗ್ಗೆ ಬಿಸಿಲುಬುಟ್ಟಿಯಲ್ಲಿ, ಅಂದರೆ ಹಿಂದಿನ ದಿನದ ಬಿಸಿಲು ಹಿಡಿದಿಟ್ಟ ಬುಟ್ಟಿಯಲ್ಲಿ, ನವಣೆ ಅನ್ನ ಮಾಡಿಕೊಳ್ಳುತ್ತೇವೆ. ಹಗಲೆಲ್ಲ ಹರಿಗೋಲಿಗೆ ಬಿದಿರು ಹೆಣೆಯುತ್ತೇವೆ. ನಿನಗೆ ವರ್ಷಪೂರ್ತಿ ಹೊಳೆ. ಮನಸ್ಸು ಬಂದಾಗ ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದೀಯಂತೆ, ನೀನೇ ಬರೆದಿಟ್ಟಿದ್ದೀ. ಅದನ್ನು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಆದರೆ ಬರೆಯಲು ಕೂತದ್ದು ಆ ಉರಿಗಲ್ಲ.

ನಮ್ಮ ಮನೆತನದ ಕಾಗದದ ಪೆಟ್ಟಿಗೆ ಇನ್ನೂ ಇದೆ. ನೀರು ಬರುವ ದಿನ ಪೆಟ್ಟಿಗೆಯ ಯಜಮಾನ ಹರಿಗೋಲಿನಲ್ಲಿ ಕೂತು ಹಿಂದಿನವರ ಕಾಗದಗಳನ್ನು ಗಟ್ಟಿಯಾಗಿ ಓದಬೇಕು, ದಂಡೆಯವರೆಲ್ಲ ಕೇಳಬೇಕು. ಈಗಿನ ಯಜಮಾನ ತಿಪ್ಪೇಶಿ, ನಿನ್ನ ಮರಿಮೊಮ್ಮಕ್ಕಳ ಸಾಲಿನವನು. ನಾನು ನಿನ್ನ ತಂಗಿ ಯಂಕವ್ವನ ಸಾಲಿನವಳು. ಅರವತ್ತು ವರ್ಷದಿಂದ ಅವನ ಅಪ್ಪ ಓದಿದ, ಇವನು ಓದಿದ, ಹುಟ್ಟು ಹಾಕಿದವಳು ನಾನು. ಒಂದು ಸಲವೂ ಆ ಕಾಗದಗಳನ್ನು ಮುಟ್ಟಿಲ್ಲ. ಯಾಕೆ ಅಂತ ನಿನಗೇ ಗೊತ್ತು. ಒದ್ದೆ ಕೈಯವರು ಕಾಗದ ಮುಟ್ಟಬಾರದು ಅಂತ ನಿಯಮ ಮಾಡಿದವಳು ನೀನೇ. ಶಾಯಿ ಹರಡುತ್ತದೆ, ನಿಜ. ಆದರೆ ಹುಟ್ಟು ಹಾಕುವವರ ಕೈ ಯಾವಾಗ ಒಣಗಿರುತ್ತದೆ, ಹೇಳು? ದಂಡೆಯಲ್ಲಿ ಕೂತವರೇ ಬರೆದರು, ದಂಡೆಯಲ್ಲಿ ಕೂತವರ ಹೆಸರೇ ಉಳಿಯಿತು.

ನಿನ್ನ ಮಹಾಪೂರದ ಕಾಗದ ನನಗೆ ಬಾಯಿಪಾಠ. ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಇಪ್ಪತ್ತೆರಡು ಜನರ ಹೆಸರು ಒಂದೊಂದಾಗಿ ಬರೆದಿದ್ದೀ. ಪೂಜಾರಿಯ ಮೇಕೆ ಗೌರಿಯ ಹೆಸರೂ ಇದೆ. ಆಮೇಲೆ, ‘ಹರಿಗೋಲು ಮೂರು ಸಲ ಹೋಗಿ ಬಂತು’ ಅಂತ ಮುಗಿಸಿದ್ದೀ. ಹರಿಗೋಲಿಗೇನು ರಟ್ಟೆ ಇತ್ತೇ? ಬಸುರಿ ಯಂಕವ್ವ ಮೂರು ಸಲ ಹುಟ್ಟು ಹಾಕಿದಳು, ಕೊನೆಯ ಸಲಕ್ಕೆ ಅಂಗೈ ಚರ್ಮ ಕಿತ್ತು ಹುಟ್ಟಿಗೆ ಅಂಟಿಕೊಂಡಿತ್ತು ಅಂತ ನಮ್ಮಲ್ಲಿ ತಾಯಿ ಮಗಳಿಗೆ ಹೇಳುತ್ತಾ ಬಂದಿದ್ದಾರೆ. ಮೇಕೆಗೆ ಹೆಸರಿದೆ ದೊಡ್ಡವ್ವ, ನಿನ್ನ ತಂಗಿಗಿಲ್ಲ.

ಹೋದ ತಿಂಗಳು ತಿಪ್ಪೇಶಿ ಪೆಟ್ಟಿಗೆಯನ್ನು ಮಗ ಕೊಟ್ರೇಶನಿಗೆ ಕೊಡುತ್ತೇನೆ ಅಂದ. ಆ ಹುಡುಗ ದಿನ್ನೆಯ ಮೇಲೆ ಮನೆ ಕಟ್ಟಿದ್ದಾನೆ, ಮೊಣಕಾಲುದ್ದದ ನೀರಿಗೂ ಇಳಿದವನಲ್ಲ. ಪೆಟ್ಟಿಗೆಯನ್ನು ಗಾಜಿನ ಕಪಾಟಿನಲ್ಲಿಟ್ಟು ಬಂದವರಿಗೆ ತೋರಿಸುತ್ತಾನಂತೆ. ಹೊನ್ನಿ ಹುಟ್ಟೂ ಹಾಕುತ್ತಾಳೆ, ಓದಲೂ ಬಲ್ಲಳು. ಅವಳಿಗೆ ಕೊಡು ಅಂದೆ. ಅವನು ಕನ್ನಡಕ ತೆಗೆದು ಒರೆಸುತ್ತಾ, ಹತ್ತು ಜನರ ಮುಂದೆ, “ಅಕ್ಕಾ, ಪೆಟಗಿ ಯಾರ ಹೆಸರು ಕಾಗದದಾಗ ಐತಿ ಅವರ ಸಾಲಿಗೆ ಹೋಗ್ತದ. ನಿಮ್ಮ ಯಂಕವ್ವ ಅಂಬಾಕಿ ಇದ್ದಳೋ ಇಲ್ಲೋ ಯಾರು ಕಂಡಾರ?” ಅಂದ. ಹಿಂದಿನಿಂದ ಯಾರೋ, “ಮೇಕಿ ಸಾಲಿನವರು ಬಂದ್ರ ಅವರಿಗೂ ಪಾಲೈತಿ” ಅಂದರು. ಎಲ್ಲರೂ ನಕ್ಕರು. ಹೊನ್ನಿ ನಗಲಿಲ್ಲ, ಎದ್ದು ಹೋದಳು. ಅವಳ ಬೆನ್ನು ನೋಡಿದ ಮೇಲೆ ನನಗೆ ಊಟ ಸೇರಿಲ್ಲ.

ಅದಕ್ಕೇ ಈ ಹಿಂಟಪಾಲು. ಇದು ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಜನ್ಮಕ್ಕೆ ಒಂದೇ ಸಲ, ಸ್ವಂತ ರಕ್ತದವರಿಗೆ ಮಾತ್ರ, ಅದೂ ಕೈಬರಹದಲ್ಲಿ. ತೀರಿಹೋದ ಗಂಡನಿಗೆ ಬರೆಯಬಹುದಿತ್ತು ಅಂತ ನೆರೆಯವಳು ಅಂದಳು. ಗಂಡ ರಕ್ತದವನಲ್ಲ, ಆಗಿದ್ದರೂ ಅವನಿಗೆ ಹೇಳುವುದು ಏನೂ ಉಳಿದಿಲ್ಲ.

ಪೆಟ್ಟಿಗೆಯ ತಳದಲ್ಲಿ ಬಲೆದಾರದಿಂದ ಹೊಲಿದ ನಿನ್ನ ಬಟ್ಟೆಗಂಟು ಒಂದಿದೆ. ‘ದೀಪಾವಳಿಯ ದಿನ ಹೊಲಿದೆ. ನೂರಾ ಅರವತ್ತು ವರ್ಷ ಕಳೆದ ಮೇಲೆ ಬಿಚ್ಚಿ’ ಅಂತ ಮೇಲೆ ಬರೆದಿದ್ದೀ. ಗಡುವು ಕಳೆದಿದೆ, ಈ ಸಲ ನೀರು ಬರುವ ದಿನ ಎಲ್ಲರೆದುರು ಅದನ್ನು ಬಿಚ್ಚುತ್ತಾರೆ. ಒಳಗೇನಿದೆಯೋ ಯಾರೂ ಕಂಡಿಲ್ಲ. ಎಲ್ಲರೂ ಕೇಳಿದ ಕಾಗದವನ್ನು ಬದಲಿಸಲಾಗದು, ಯಾರೂ ಕಾಣದ ಜಾಗಕ್ಕೆ ಏನನ್ನಾದರೂ ಸೇರಿಸಲು ಅಡ್ಡಿಯಿಲ್ಲ ಅಂತ ಟಪಾಲಿನವಳು ಹೇಳಿದ್ದಾಳೆ. ನಿನಗೆ ದೀಪಾವಳಿ ಇನ್ನೂ ಬಂದಿಲ್ಲ. ಯಂಕವ್ವ ಈಗ ನಿನ್ನ ಮನೆಯ ಎದುರಿಗೇ ಹರಿಗೋಲಿಗೆ ಡಾಂಬರು ಬಳಿಯುತ್ತಿರಬಹುದು. ಕರೆ ಅವಳನ್ನು.

ಹೊಗಳಬೇಕಾಗಿಲ್ಲ. ಹುಟ್ಟು ಹಾಕಿದವಳು ಯಂಕವ್ವ, ನನ್ನ ತಂಗಿ, ಅಷ್ಟು ಬರೆ. ಅದರ ಕೆಳಗೆ ಅವಳ ಅಂಗೈ ಒತ್ತಿಸು. ಕೈ ಒರೆಸಲು ಕೊಡಬೇಡ. ಶಾಯಿ ಹರಡಿದರೆ ಹರಡಲಿ.

ನಿನ್ನ ಮೇಲೆ ನನಗಿರುವುದು ಅಸೂಯೆ, ಮುಚ್ಚಿಡುವುದಿಲ್ಲ. ನಿನ್ನ ಒಣ ಕೈಯ ಮೇಲೆ, ದುಂಡಗಿನ ಅಕ್ಷರದ ಮೇಲೆ, ವರ್ಷಪೂರ್ತಿ ಹರಿಯುವ ಹೊಳೆಯ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಕರೆದರೆ ಓ ಅನ್ನುವಷ್ಟು ಹತ್ತಿರದಲ್ಲಿ ಯಂಕವ್ವ ನಿನಗಿದ್ದಾಳೆ ಅನ್ನುವುದರ ಮೇಲೆ. ನನಗೆ ಅವಳ ಮುಖವೂ ಗೊತ್ತಿಲ್ಲ.

ಈ ಕಾಗದದ ಮೂಲೆ ಒದ್ದೆಯಾಗಿದೆ. ಟವೆಲ್ಲು ಎತ್ತಿಟ್ಟು ಬೇಕೆಂದೇ ಮುಟ್ಟಿದ್ದೇನೆ.

ಆಷಾಢದ ಐವತ್ತೆರಡರ ಬೆಳಿಗ್ಗೆ ಗಂಟು ಬಿಚ್ಚುತ್ತಾರೆ. ಅಷ್ಟರೊಳಗೆ ನಿನ್ನ ಉತ್ತರ ಅದರಲ್ಲಿರಬೇಕು.

ಬಸಲಿಂಗವ್ವ
ಯಂಕವ್ವನ ಸಾಲು